ಮೂರು ರೂಪಾಯಿ ಪಗಾರದ ಬೌಲರ್

ಕರ್ನಾಟಕದ ಸ್ಪಿನ್ ಬೌಲರುಗಳ ಹೆಸರು ಹೇಳಿ ಎಂದರೆ ನಮ್ಮ ಕಾಲೇಜಿನ ಯಾವ ಹುಡುಗನಾದರೂ ಒಂದೇ ಉಸಿರಿಗೆ ಕುಂಬ್ಳೆ, ಪ್ರಸನ್ನ, ಚಂದ್ರಶೇಖರ್ ಎಂದು ಹೇಳಿಬಿಡುತ್ತಾನೆ. ನಮ್ಮ ಕಡೆಯವರೇ ಬೇಕೆಂದರೆ ಗದಗದ ಸುನೀಲ ಜೋಶಿ ಇದ್ದಾರೆ. ಆದರೆ ಇವರೆಲ್ಲರಿಗಿಂತ ಬಹಳ ಹಿಂದೆ, ಭಾರತಕ್ಕೆ ಇನ್ನೂ ಟೆಸ್ಟ್ ತಂಡವೇ ಇಲ್ಲದ ಕಾಲದಲ್ಲಿ, ಧಾರವಾಡದಲ್ಲಿ ಹುಟ್ಟಿದ ಒಬ್ಬ ಎಡಗೈ ಸ್ಪಿನ್ನರ್ ಇಂಗ್ಲೆಂಡಿಗೆ ಹೋಗಿ ಒಂದೇ ಬೇಸಿಗೆಯಲ್ಲಿ 114 ವಿಕೆಟ್ ತೆಗೆದಿದ್ದರು. ಅವರ ಹೆಸರು ಪಳವಣಕರ್ ಬಾಳೂ. ಇಂಗ್ಲಿಷ್ ಪುಸ್ತಕಗಳಲ್ಲಿ ಬಾಲೂ ಎಂದು ಓದುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ತಮ್ಮ, ಬೌಲರನ ಹೆಸರೇ ಬಾಲು ಎಂದು ನಕ್ಕ. ಮರಾಠಿಯಲ್ಲಿ ಬಾಳ ಎಂದರೆ ಮಗು. ಬಾಳೂ ಅದರಿಂದ ಬಂದ ಮುದ್ದಿನ ಹೆಸರು.

ನನಗೆ ಇವರ ಹೆಸರು ಸಿಕ್ಕಿದ್ದು ಕ್ರಿಕೆಟ್ಟಿನಿಂದ ಅಲ್ಲ, ಇತಿಹಾಸದ ತರಗತಿಯಿಂದ. ಕಾಮರ್ಸ್‌ನಲ್ಲಿ ಇತಿಹಾಸ ಇರುವ ಗುಂಪು ನಮ್ಮದು. 1932ರ ಪೂನಾ ಒಪ್ಪಂದದ ಪಾಠ ನಡೆಯುತ್ತಿದ್ದಾಗ, ಅದಕ್ಕೆ ಸಹಿ ಹಾಕಿದವರಲ್ಲಿ ಒಬ್ಬ ಕ್ರಿಕೆಟ್ ಆಟಗಾರನೂ ಇದ್ದ ಎಂದು ಸರ್ ಹೇಳಿ ಮುಂದೆ ಹೋಗಿಬಿಟ್ಟರು. ನಾನು ಮುಂದೆ ಹೋಗಲಿಲ್ಲ. ಗಾಂಧೀಜಿಯ ಉಪವಾಸ, ಅಂಬೇಡ್ಕರ್ ಅವರ ಸಹಿ ಇರುವ ಕಾಗದದ ಮೇಲೆ ಬೌಲರನಿಗೇನು ಕೆಲಸ ಎಂಬುದು ತಲೆಯಲ್ಲಿ ಕೂತಿತು. ಆಮೇಲೆ ಓದುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಮಚಂದ್ರ ಗುಹಾ ಅವರು 2002ರಲ್ಲಿ ಭಾರತೀಯ ಕ್ರಿಕೆಟ್ಟಿನ ಇತಿಹಾಸದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪುಸ್ತಕ ಬರೆಯುವವರೆಗೆ ಹೊಸ ಕಾಲದ ಬಹಳ ಜನಕ್ಕೆ ಇವರ ಕಥೆ ಗೊತ್ತಿರಲಿಲ್ಲ.

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಳೂ ಹುಟ್ಟಿದ್ದು 1876ರ ಮಾರ್ಚ್ 19ರಂದು, ಧಾರವಾಡದಲ್ಲಿ. ನಮ್ಮ ದೇಗಾಂವದಿಂದ ಕಿತ್ತೂರಿಗೆ ಬಂದು ಬಸ್ ಹತ್ತಿದರೆ ಗಂಟೆಯೊಳಗೆ ಧಾರವಾಡ. ಅಷ್ಟು ಹತ್ತಿರ. ಆದರೆ ಮನೆತನ ಧಾರವಾಡದ್ದಲ್ಲ. ಕೊಂಕಣದ ಪಳವಣ ಎಂಬ ಊರಿನಿಂದ ಪಳವಣಕರ್ ಎಂಬ ಅಡ್ಡಹೆಸರು ಬಂದಿದೆ. ತಂದೆ ಬ್ರಿಟಿಷ್ ಸೈನ್ಯದಲ್ಲಿ ಇದ್ದವರು. ಜಾತಿಯಲ್ಲಿ ಇವರು ಚಮ್ಮಾರರು. ಆ ಕಾಲದ ಮಾತಿನಲ್ಲಿ ಹೇಳಬೇಕೆಂದರೆ ಅಸ್ಪೃಶ್ಯರು. ಮುಟ್ಟಬಾರದವರು ಎಂದು ಸಮಾಜ ಇಟ್ಟ ಹೆಸರು ಅದು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಕ್ರಿಕೆಟ್ ಚೆಂಡನ್ನು ಹನ್ನೊಂದು ಜನರೂ ಮುಟ್ಟಬೇಕಾಗುತ್ತದೆ. ಬಾಳೂ ಅವರ ಜೀವನದ ತೊಡಕೆಲ್ಲ ಆ ಒಂದು ಚೆಂಡಿನ ಸುತ್ತಲೇ ಇದೆ.

ಬೆಳೆದದ್ದು ಪುಣೆಯಲ್ಲಿ. ನಾವು ಇಂದಿಗೂ ಪಿ.ಬಿ. ರೋಡ್ ಎಂದು ಕರೆಯುವ ಪೂನಾ-ಬೆಂಗಳೂರು ರಸ್ತೆಯ ಆ ತುದಿ ಅದು. ಅಲ್ಲಿ ಸೈನ್ಯದ ದಂಡಿನ ಪ್ರದೇಶದಲ್ಲಿ ಗೋರಾ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು, ಚೆಂಡುಗಳಿಂದ ಬಾಳೂ ಮತ್ತು ತಮ್ಮ ಶಿವರಾಮ ಕ್ರಿಕೆಟ್ ಕಲಿತರು. ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಮನೆಗೆ ದುಡ್ಡು ಬೇಕಾಗಿತ್ತು. ಮೊದಲ ಕೆಲಸ ಪುಣೆಯ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನ ಗುಡಿಸುವುದು, ಪಿಚ್ಚಿನ ಮೇಲೆ ರೋಲರ್ ಎಳೆಯುವುದು, ಮೆಂಬರುಗಳಿಗೆ ಅಭ್ಯಾಸ ಬೇಕೆಂದಾಗ ನಾಲ್ಕು ಚೆಂಡು ಹಾಕುವುದು. ಪಗಾರ ತಿಂಗಳಿಗೆ 3 ರೂಪಾಯಿ.

1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪಗಾರ 12 ರೂಪಾಯಿ. ಒಮ್ಮೆಲೇ ನಾಲ್ಕು ಪಟ್ಟು. ಕೆಲಸ ಮಾತ್ರ ಹೆಚ್ಚುಕಡಿಮೆ ಅದೇ. ಪಿಚ್ಚು ಸಿದ್ಧ ಮಾಡುವುದು, ನೆಟ್ ಕಟ್ಟುವುದು, ಅಂಗಳ ನೋಡಿಕೊಳ್ಳುವುದು. ಟ್ರಾಸ್ ಎಂಬ ಇಂಗ್ಲಿಷ್ ಆಟಗಾರ ಇವರನ್ನು ನೆಟ್ಟಿನಲ್ಲಿ ಬೌಲಿಂಗ್ ಮಾಡಲು ಹುರಿದುಂಬಿಸಿದರು. ನಂತರ ದೊಡ್ಡ ಗಿರಾಕಿ ಬಂದರು. ಅವರು ಕ್ಯಾಪ್ಟನ್ ಗ್ರೇಗ್, ಆಗ ನಮ್ಮ ಪಶ್ಚಿಮ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟ್ಸ್‌ಮನ್ನರಲ್ಲಿ ಎಲ್ಲರಿಗಿಂತ ಮೇಲಿನವರು. ಗ್ರೇಗ್ ದಿನಾ ಎಲ್ಲರಿಗಿಂತ ಮೊದಲೇ ಬಂದು ಗಂಟೆಗಟ್ಟಲೆ ಬಾಳೂ ಕೈಯಿಂದ ಚೆಂಡು ಹಾಕಿಸಿಕೊಳ್ಳುತ್ತಿದ್ದರಂತೆ. ಪ್ರತಿ ಸಲ ತಮ್ಮನ್ನು ಔಟ್ ಮಾಡಿದಾಗ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆಯೂ ಇದೆ.

ನಾನು ಲೆಕ್ಕಶಾಸ್ತ್ರದ ವಿದ್ಯಾರ್ಥಿ, ಆದ್ದರಿಂದ ಲೆಕ್ಕ ಹಾಕದೆ ಇರಲಾಗಲಿಲ್ಲ. ಎಂಟಾಣೆ ಎಂದರೆ ಅರ್ಧ ರೂಪಾಯಿ. ತಿಂಗಳಿಗೆ 24 ಸಲ ಗ್ರೇಗ್ ಸಾಹೇಬರನ್ನು ಔಟ್ ಮಾಡಿದರೆ ಇನ್ನೊಂದು ಪೂರ್ತಿ ಪಗಾರ. ಪಾರ್ಸಿ ಕ್ಲಬ್ಬಿನ ಹಳೆಯ ಪಗಾರ ದುಡಿಯಲು 6 ಸಲ ಸಾಕು. ಹೀಗೆ ನೋಡಿದರೆ ಸ್ಪಿನ್ ಬೌಲಿಂಗ್ ಎನ್ನುವುದು ಅವರಿಗೆ ಹವ್ಯಾಸವಲ್ಲ, ದುಡಿಮೆ. ಕೈಯ ಬೆರಳುಗಳಿಂದ ಮಾಡುವ ದುಡಿಮೆ. ಲೆಂಗ್ತ್ ತಪ್ಪದಂತೆ ಒಂದೇ ಜಾಗಕ್ಕೆ ಚೆಂಡು ಬೀಳಿಸುವುದು, ವೇಗ ಬದಲಿಸುವುದು, ಎರಡೂ ಕಡೆ ತಿರುಗಿಸುವುದು ಇವೆಲ್ಲ ಆ ನೆಟ್ಟಿನಲ್ಲೇ ಕೈಗೆ ಬಂದವು.

ಆದರೆ ಇದರ ಪಕ್ಕದಲ್ಲೇ ಇನ್ನೊಂದು ವಿಷಯವಿದೆ. ಅದೇ ಪೂನಾ ಕ್ಲಬ್ಬಿನಲ್ಲಿ ಅಷ್ಟು ವರ್ಷ ಸಾವಿರಾರು ಚೆಂಡು ಹಾಕಿದರೂ ಬಾಳೂ ಅವರಿಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರ ಆಟ, ಬೌಲಿಂಗ್ ಆಳಿನ ಕೆಲಸ ಎಂಬ ತಿಳಿವಳಿಕೆ ಆಗ ಇತ್ತು. ಇದನ್ನು ಓದಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮ ಮನೆಯ ಹಿತ್ತಲಲ್ಲಿ ತಮ್ಮನಿಗೆ ಚೆಂಡು ಹಾಕುವವಳು ನಾನೇ. ಬ್ಯಾಟು ಕೇಳಿದರೆ ಬಾಜಿ, ಆಪ್ ಡಾಲೋ ಎನ್ನುತ್ತಾನೆ, ಅಂದರೆ ಅಕ್ಕಾ, ನೀನು ಹಾಕು ಎಂದು. ನನ್ನದು ಮನೆಯ ಜಗಳ, ಅಮ್ಮಿ ಬಂದು ಬಗೆಹರಿಸುತ್ತಾರೆ. ಬಾಳೂ ಅವರದನ್ನು ಬಗೆಹರಿಸುವವರು ಯಾರೂ ಇರಲಿಲ್ಲ.

ಲಗಾನ್ ಸಿನಿಮಾ ನೋಡಿದವರಿಗೆ ಕಚ್ರಾ ಎಂಬ ಪಾತ್ರ ನೆನಪಿರಬಹುದು. ಊರ ಹೊರಗೆ ನಿಂತ ದಲಿತ ಹುಡುಗ, ಕೈ ಊನ, ಚೆಂಡು ಎಸೆದರೆ ತಾನಾಗಿಯೇ ತಿರುಗುತ್ತದೆ. ಬಾಳೂ ಅವರ ಬಗ್ಗೆ ಬರೆಯುವವರು ಬಹಳಷ್ಟು ಜನ ಕಚ್ರಾನನ್ನು ನೆನೆಯುತ್ತಾರೆ. ಸಿನಿಮಾ ನನಗೂ ಇಷ್ಟ. ಆದರೆ ಈ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಚ್ರಾನ ಸ್ಪಿನ್ ಅದೃಷ್ಟದಿಂದ ಬಂದದ್ದು, ನಾಯಕ ಕಂಡುಹಿಡಿದು ಕೊಟ್ಟದ್ದು. ಬಾಳೂ ಅವರ ಸ್ಪಿನ್ ಯಾರೂ ಕೊಟ್ಟದ್ದಲ್ಲ. ಬೆಳಿಗ್ಗೆ ಪಿಚ್ಚು ಗುಡಿಸಿ, ಅದೇ ಪಿಚ್ಚಿನ ಮೇಲೆ ಮಧ್ಯಾಹ್ನದವರೆಗೆ ಚೆಂಡು ಹಾಕಿ ಸಂಪಾದಿಸಿದ್ದು.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಬೌಲರ್ ಅದೇ ಊರಿನಲ್ಲಿದ್ದಾನೆ, ಸಾಹೇಬರ ನೆಟ್ಟಿನಲ್ಲಿ. ಆದರೆ ಅವನು ಚಮ್ಮಾರ. ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಕ್ಲಬ್ಬಿನಲ್ಲಿ ಎರಡು ಗುಂಪಾಯಿತು. ಗ್ರೇಗ್ ಅವರೇ ಪತ್ರಿಕೆಯವರ ಮುಂದೆ, ಬಾಳೂ ಅವರನ್ನು ಬಿಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬರ್ಥದ ಮಾತು ಆಡಿದರಂತೆ. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನು ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬೇರೆಯವರಿಗೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು ಬಶಿ, ಬಾಳೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ಜಾಗ, ಬೇರೆ ತಟ್ಟೆ. ಮುಖ ತೊಳೆಯಲು ನೀರು ಬೇಕಾದರೆ ಅವರ ಜಾತಿಯಂಥದೇ ಜಾತಿಯ ಆಳು ಬಂದು ಹೊರಗೆ ಮೂಲೆಯಲ್ಲಿ ಸುರಿಯಬೇಕು.

ಈ ಭಾಗವನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ದಾದಾ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಅವರು ಸಣ್ಣವರಿದ್ದಾಗ ನಮ್ಮ ಕಡೆಯ ಹಳ್ಳಿಗಳ ಚಹಾದಂಗಡಿಗಳ ಹೊರಗೂ ಕೆಲವರಿಗೆಂದೇ ಬೇರೆ ಕಪ್ಪು ಇಟ್ಟಿರುತ್ತಿದ್ದರಂತೆ. ಕುಡಿದವರೇ ತೊಳೆದು ಮತ್ತೆ ಅಲ್ಲಿಯೇ ಇಡಬೇಕು. ದಾದಾ ಇದನ್ನು ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದರು. ನನಗೆ ಅದೇ ಹೆಚ್ಚು ಕಾಡಿತು.

ಬಾಳೂ ತಂಡಕ್ಕೆ ಬಂದ ಮೇಲೆ ಗೆಲುವುಗಳು ಬಂದವು. ಸಾತಾರಾದ ಯುರೋಪಿಯನ್ನರ ಜಿಮ್ಖಾನಾ ವಿರುದ್ಧ ಆಡಿದ ಪಂದ್ಯದ ಕಥೆ ರುಚಿಯಾಗಿದೆ. ಬಾಳೂ ಸ್ಪಿನ್ನಿಗೆ ಹೆದರಿ ಅಲ್ಲಿನವರು ವಾರಗಟ್ಟಲೆ ಪಿಚ್ಚಿನ ಮೇಲೆ ರೋಲರ್ ಹೊಡೆಸಿ ಗಟ್ಟಿ ಮಾಡಿಸಿದ್ದರಂತೆ. ಆದರೆ ಪಿಚ್ಚಿನ ವಿದ್ಯೆಯನ್ನು ರೋಲರ್ ಎಳೆದೇ ಕಲಿತವರ ಮುಂದೆ ಈ ಉಪಾಯ ನಡೆಯಲಿಲ್ಲ. 7 ವಿಕೆಟ್ ಬಿದ್ದವು. ಗೆದ್ದ ಮೇಲೆ ಬಾಳೂ ಅವರನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಪುಣೆಗೆ ಮರಳಿದಾಗ ಸಮಾಜ ಸುಧಾರಕ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಸಭೆಯಲ್ಲಿ ಹಾರ ಹಾಕಿದರು. ಜೊತೆಯಲ್ಲಿ ಆಡಬಹುದಾದರೆ ಜೊತೆಯಲ್ಲಿ ಊಟವನ್ನೂ ಮಾಡಬಹುದಲ್ಲ ಎಂಬ ಅರ್ಥದ ಪ್ರಶ್ನೆಯನ್ನು ರಾನಡೆ ಆಟಗಾರರಿಗೆ ಹಾಕಿದರಂತೆ. ಆನೆಯ ಮೇಲೆ ಕೂರಿಸುವುದು ಸುಲಭ. ಒಂದು ದಿನದ ಮಾತು. ಕಪ್ಪು ಬಶಿ ದಿನಾ ಬೇಕಾಗುತ್ತದೆ.

1896ರಲ್ಲಿ ಪುಣೆಗೆ ಪ್ಲೇಗ್ ಬಂತು. ಬಾಳೂ ಮುಂಬೈಗೆ ಹೋದರು. ಅಲ್ಲಿ ಕೆಲಕಾಲ ಸೈನ್ಯದ ಕೆಲಸ, ನಂತರ ರೈಲ್ವೆಯಲ್ಲಿ ನೌಕರಿ, ರೈಲ್ವೆ ತಂಡಕ್ಕೂ ಆಟ. ಹಿಂದೂ ಜಿಮ್ಖಾನಾದಲ್ಲಿ ಮತ್ತೆ ಅದೇ ಚರ್ಚೆ, ಮತ್ತೆ ಕೆಲವರ ವಿರೋಧ, ಮತ್ತೆ ವಿಕೆಟ್ಟಿನ ಆಸೆಯೇ ಗೆದ್ದಿತು. 1906ರಲ್ಲಿ ಹಿಂದೂ ತಂಡ ಮತ್ತು ಯುರೋಪಿಯನ್ ತಂಡಗಳ ದೊಡ್ಡ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಅಂದರೆ 109 ರನ್ನುಗಳ ಗೆಲುವು. ಆ ಗೆಲುವಿನಲ್ಲಿ ಬಾಳೂ ಬೌಲಿಂಗಿನ ಪಾಲು ದೊಡ್ಡದು. ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು. ದೇಶದಲ್ಲಿ ಸ್ವದೇಶಿ ಚಳವಳಿ ನಡೆಯುತ್ತಿದ್ದ ದಿನಗಳು ಅವು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದು ಎಲ್ಲ ಪತ್ರಿಕೆಗಳಿಗೂ ಸುದ್ದಿಯಾಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆಗಿನ ಮುಂಬೈ ಕ್ರಿಕೆಟ್ಟಿನಲ್ಲಿ ತಂಡಗಳು ಇಂದಿನ ಹಾಗೆ ರಾಜ್ಯ ಅಥವಾ ಊರಿನ ಹೆಸರಿನಲ್ಲಿ ಇರಲಿಲ್ಲ, ಧರ್ಮದ ಹೆಸರಿನಲ್ಲಿ ಇದ್ದವು. ಪಾರ್ಸಿ ಜಿಮ್ಖಾನಾ, ಹಿಂದೂ ಜಿಮ್ಖಾನಾ, ಇಸ್ಲಾಂ ಜಿಮ್ಖಾನಾ ಎಂದು ಸಮುದ್ರದ ದಂಡೆಯಲ್ಲಿ ಸಾಲಾಗಿ ಮೈದಾನಗಳು. 1907ರಿಂದ ಯುರೋಪಿಯನ್, ಪಾರ್ಸಿ, ಹಿಂದೂ ಹೀಗೆ ಮೂರು ತಂಡಗಳ ಸ್ಪರ್ಧೆ. 1912ರಲ್ಲಿ ಮುಸ್ಲಿಂ ತಂಡವೂ ಸೇರಿ ನಾಲ್ಕಾಯಿತು, ಅದನ್ನು ಕ್ವಾಡ್ರಾಂಗ್ಯುಲರ್ ಎನ್ನುತ್ತಿದ್ದರು. 1909ರ ಮಿಂಟೋ-ಮಾರ್ಲೆ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂದದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ಸರಿಯಾಗಿ ಅದೇ ವರ್ಷಗಳಲ್ಲಿ ಮೈದಾನವೂ ಹಾಗೆಯೇ ಹಂಚಿಹೋಗಿತ್ತು. ಈ ಹಂಚಿಕೆಯಲ್ಲಿ ಬಾಳೂ ನಿಂತ ಜಾಗ ವಿಚಿತ್ರ. ಹಿಂದೂ ತಂಡದ ದೊಡ್ಡ ಬೌಲರ್, ಆದರೆ ಹಿಂದೂ ದೇವಸ್ಥಾನದೊಳಗೆ ಪ್ರವೇಶವಿಲ್ಲ.

1911ರಲ್ಲಿ ಮೊದಲ ಬಾರಿಗೆ ಎಲ್ಲ ಸಮುದಾಯದವರೂ ಸೇರಿದ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ತಂಡದಲ್ಲಿ ಪಾರ್ಸಿಗಳು, ಹಿಂದೂಗಳು ಇದ್ದರು, ಅಲಿಘಡ ಕಾಲೇಜಿನ ಮುಸ್ಲಿಂ ಆಟಗಾರರೂ ಇದ್ದರು. ಒಂದು ಕಾಲೇಜು ದೇಶದ ತಂಡಕ್ಕೆ ಆಟಗಾರರನ್ನು ಕೊಟ್ಟಿತ್ತು ಎಂಬುದನ್ನು ನಮ್ಮ ದೈಹಿಕ ಶಿಕ್ಷಣದ ಸರ್ ಗಮನಿಸಬೇಕೆಂದು ಕೋರುತ್ತೇನೆ. ಬಾಳೂ ಮತ್ತು ಶಿವರಾಮ ಇಬ್ಬರೂ ಹಡಗು ಹತ್ತಿದರು. ಬಾಳೂ ಅವರಿಗೆ ಆಗ 35 ವರ್ಷ.

ಆ ವರ್ಷ ಐದನೇ ಜಾರ್ಜ್ ರಾಜನ ಪಟ್ಟಾಭಿಷೇಕವಿತ್ತು. ಮಹಾರಾಜರು ಕೆಲವೇ ಪಂದ್ಯ ಆಡಿ ಔತಣ, ಸಮಾರಂಭಗಳ ಕಡೆ ನಡೆದರು. ಹೋಗುವಾಗ ತಮ್ಮ ಕಾರ್ಯದರ್ಶಿ ಕೇಕಿ ಮಿಸ್ತ್ರಿ ಎಂಬ ಒಳ್ಳೆಯ ಬ್ಯಾಟ್ಸ್‌ಮನ್ನನನ್ನೂ ಕರೆದುಕೊಂಡು ಹೋದರು. ಉಳಿದವರು ಒದ್ದೆ ಮೈದಾನ, ಚಳಿ, ದಿನಕ್ಕೊಂದು ಊರು ಎಂದು ಆಡುತ್ತ ಹೋದರು. 23 ಪಂದ್ಯಗಳಲ್ಲಿ 6 ಗೆಲುವು, 15 ಸೋಲು, 2 ಡ್ರಾ. ತಂಡವಾಗಿ ನೋಡಿದರೆ ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ. ಆದರೆ ಬೌಲಿಂಗ್ ಪಟ್ಟಿಯಲ್ಲಿ ಬಾಳೂ ಅವರ ಸಾಲು ಬೇರೆಯೇ ಕಥೆ ಹೇಳುತ್ತದೆ. ಒಟ್ಟು 114 ವಿಕೆಟ್, ಸರಾಸರಿ 18.84. ಅವುಗಳಲ್ಲಿ 75 ವಿಕೆಟ್ ಪ್ರಥಮ ದರ್ಜೆ ಪಂದ್ಯಗಳಲ್ಲಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್ನಿಗೆ 8 ವಿಕೆಟ್. ಕೌಂಟಿ ತಂಡಗಳಾದ ಲೀಸ್ಟರ್‌ಶೈರ್ ಮತ್ತು ಸೋಮರ್‌ಸೆಟ್ ವಿರುದ್ಧ ಭಾರತ ಗೆದ್ದಿತು. ಸರಾಸರಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ವಿಕೆಟ್ಟಿಗೆ ಬೌಲರ್ ಕೊಟ್ಟ ರನ್ನು ಅದು, ನಮ್ಮ ಕಾಸ್ಟ್ ಪರ್ ಯೂನಿಟ್ ಇದ್ದ ಹಾಗೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಇಂಗ್ಲೆಂಡಿನ ದೊಡ್ಡ ಎಡಗೈ ಸ್ಪಿನ್ನರ್ ವಿಲ್‌ಫ್ರೆಡ್ ರೋಡ್ಸ್ ಹೆಸರು ಜೋಡಿಸಿ ಇವರನ್ನು ಭಾರತದ ರೋಡ್ಸ್ ಎಂದು ಕರೆದರು.

ಮುಂಬೈಗೆ ಮರಳಿದಾಗ ದಲಿತ ಸಮುದಾಯದವರು ಸನ್ಮಾನ ಮಾಡಿದರು. ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಅವರಿಗೂ ಬಾಳೂ ಹೆಮ್ಮೆಯ ಹೆಸರಾಗಿತ್ತು. ಆ ಕಾಲದಲ್ಲಿ ದಲಿತರೊಳಗಿನಿಂದ ದೇಶವೆಲ್ಲ ಬಲ್ಲ ಹೆಸರು ಎಷ್ಟಿದ್ದವು? ಬಾಳೂ ಹೆಸರು ಮೊದಲನೆಯ ಸಾಲಿನಲ್ಲಿತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ, ನಾಯಕತ್ವ. ಇಂಗ್ಲೆಂಡಿನಿಂದ ಅಷ್ಟು ವಿಕೆಟ್ ತಂದವರು, ವಯಸ್ಸಿನಲ್ಲಿ ಹಿರಿಯರು, ಪಿಚ್ಚನ್ನು ಅಂಗೈಯಂತೆ ಬಲ್ಲವರು. ಹಿಂದೂ ತಂಡದ ನಾಯಕರಾಗಲು ಇನ್ನೇನು ಬೇಕು? ಆದರೆ ಮಾಡಲಿಲ್ಲ. 1913ರಲ್ಲಿ ಎಂ.ಡಿ. ಪೈ ಅವರನ್ನು ನಾಯಕರನ್ನಾಗಿ ಮಾಡಿದಾಗ, ಆ ಗೌರವ ಬಾಳೂ ಅವರಿಗೆ ಹೋಗಬೇಕಿತ್ತು ಎಂದು ಪೈ ಅವರೇ ಸಭೆಯಲ್ಲಿ ಹೇಳಿದರು. ಪೈ ದೊಡ್ಡ ಮನಸ್ಸಿನವರು ಎಂದು ನನಗೆ ಅನಿಸಿತು. ಆದರೆ ಕುರ್ಚಿಯಲ್ಲಿ ಕೂತವರು ಅವರೇ.

ಆ ಹೊತ್ತಿಗೆ ಪಳವಣಕರ್ ಮನೆಯಿಂದ ನಾಲ್ಕು ಜನ ಅಣ್ಣತಮ್ಮಂದಿರು ದೊಡ್ಡ ಕ್ರಿಕೆಟ್ ಆಡುತ್ತಿದ್ದರು: ಬಾಳೂ, ಶಿವರಾಮ, ಗಣಪತ್, ವಿಠ್ಠಲ. ವಿಠ್ಠಲ ಬಲು ಒಳ್ಳೆಯ ಬ್ಯಾಟ್ಸ್‌ಮನ್. ಅಣ್ಣನಿಗೆ ಸಾಹೇಬರ ಕ್ಲಬ್ಬಿನಲ್ಲಿ ಯಾರೂ ಬ್ಯಾಟ್ ಕೊಟ್ಟಿರಲಿಲ್ಲ, ತಮ್ಮನನ್ನು ಜನ ಬ್ಯಾಟಿಗಾಗಿಯೇ ನೋಡಲು ಬರುತ್ತಿದ್ದರು.

1920ರ ಕ್ವಾಡ್ರಾಂಗ್ಯುಲರ್‌ನಲ್ಲಿ ಈ ವಿಷಯ ಬಹಿರಂಗವಾಯಿತು. ಪೈ ಅವರಿಗೆ ಕಾಯಿಲೆ. ಬಾಳೂ ಅವರನ್ನು ತಂಡದಿಂದಲೇ ಬಿಟ್ಟಿದ್ದರು. ನಾಯಕತ್ವ ವಿಠ್ಠಲ ಅವರಿಗೆ ಬರಬೇಕಿತ್ತು, ಆದರೆ ಅದನ್ನು ಪುಣೆಯ ಡಿ.ಬಿ. ದೇವಧರ್ ಅವರಿಗೆ ಕೊಟ್ಟರು. ದೇವಧರ್ ಟ್ರೋಫಿ ಇವರ ಹೆಸರಿನದೇ. ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಗೆ ಬಂದರು. ಸುಮ್ಮನೆ ಬರಲಿಲ್ಲ, ತಮಗೆ ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟು ಬಂದರು. ಅಸ್ಪೃಶ್ಯತೆ ಹೋಗಬೇಕು ಎಂದು ಗಾಂಧೀಜಿ ಸಭೆಗಳಲ್ಲಿ ಹೇಳುತ್ತಿದ್ದ ಕಾಲ ಅದು. ಜಿಮ್ಖಾನಾದವರಿಗೆ ಮುಜುಗರವಾಯಿತು. ಫೈನಲ್ ಪಂದ್ಯಕ್ಕೆ ರಾಜಿಯಾಯಿತು. ಪೈ ಗುಣವಾಗಿ ನಾಯಕರಾಗಿ ಮರಳಿದರು, ಬಾಳೂ ಅವರನ್ನು ಕರೆದು ಉಪನಾಯಕನನ್ನಾಗಿ ಮಾಡಿದರು, ತಮ್ಮಂದಿರೂ ಬಂದರು. ಪಂದ್ಯದ ನಡುವೆ ಪೈ ಬೇಕೆಂದೇ ಕೆಲಹೊತ್ತು ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಬಾಳೂ ತಂಡವನ್ನು ನಡೆಸಿದರು. ಫೀಲ್ಡರುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಅವರು ಕೈ ತೋರಿಸಿದರು, ಮೇಲುಜಾತಿಯ ಆಟಗಾರರು ಆ ಕಡೆ ಹೋಗಿ ನಿಂತರು. ಅವರಿಗೆ ಆಗ 44 ವರ್ಷ. ಆ ಹಂಗಾಮು ಮುಗಿದ ಮೇಲೆ ಅವರು ದೊಡ್ಡ ಕ್ರಿಕೆಟ್ ಬಿಟ್ಟರು.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು, ಆ ವರ್ಷ ಯುರೋಪಿಯನ್ನರನ್ನು ಸೋಲಿಸಿ ಕಪ್ ಗೆದ್ದರು. ಗೆದ್ದ ಮೇಲೆ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮರುವರ್ಷ ಮುಸ್ಲಿಂ ತಂಡ ಮೊದಲ ಸಲ ಗೆದ್ದಿತು. ವಿಠ್ಠಲ 1948ರಲ್ಲಿ ಮರಾಠಿಯಲ್ಲಿ ತಮ್ಮ ಆತ್ಮಕಥೆ ಬರೆದರು. ಮನೆಯ ಮಾತು ನಮಗೆ ಸಿಗುವುದು ಆ ಪುಸ್ತಕದಿಂದಲೇ.

ಬಾಳೂ ಅವರ ಪ್ರಥಮ ದರ್ಜೆ ಲೆಕ್ಕ ಹೀಗಿದೆ: 33 ಪಂದ್ಯ, 179 ವಿಕೆಟ್, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಲಾರ್ಡ್ಸ್‌ನಲ್ಲಿ. ಆಗ ಬಾಳೂ ಅವರಿಗೆ 56. ಆದ್ದರಿಂದ ಟೆಸ್ಟ್ ಪಟ್ಟಿಯಲ್ಲಿ ಅವರ ಹೆಸರು ಇಲ್ಲ. ಆದರೆ ಅದೇ ವರ್ಷ ಇನ್ನೊಂದು ಪಟ್ಟಿಯಲ್ಲಿ ಅವರ ಹೆಸರು ಬಂತು.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೂ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಅಂದರೆ ಕೆಲವು ಸ್ಥಾನಗಳಿಗೆ ದಲಿತ ಮತದಾರರು ಮಾತ್ರ ದಲಿತ ಪ್ರತಿನಿಧಿಯನ್ನು ಆರಿಸುವುದು. ಅಂಬೇಡ್ಕರ್ ಬಹಳ ಹೋರಾಡಿ ಪಡೆದದ್ದು ಅದು. ಗಾಂಧೀಜಿ ಇದನ್ನು ವಿರೋಧಿಸಿ ಸೆಪ್ಟೆಂಬರ್ 20ರಿಂದ ಪುಣೆಯ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಈ ಪ್ರಶ್ನೆಯಲ್ಲಿ ಬಾಳೂ ಅಂಬೇಡ್ಕರ್ ಅವರ ಜೊತೆ ಇರಲಿಲ್ಲ. ಎಲ್ಲರೂ ಕೂಡಿ ಮತ ಹಾಕುವ ಜಂಟಿ ಕ್ಷೇತ್ರವೇ ಇರಲಿ, ಅದರಲ್ಲಿ ದಲಿತರಿಗೆ ಸ್ಥಾನ ಮೀಸಲಿರಲಿ ಎಂಬುದು ಮದ್ರಾಸಿನ ದಲಿತ ನಾಯಕ ಎಂ.ಸಿ. ರಾಜಾ ಮತ್ತು ಬಾಳೂ ಅವರ ನಿಲುವು. ಸೆಪ್ಟೆಂಬರ್ 24ರಂದು ಒಪ್ಪಂದವಾಯಿತು. ಪ್ರತ್ಯೇಕ ಕ್ಷೇತ್ರ ಹೋಯಿತು, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಸಹಿ ಹಾಕಿದವರಲ್ಲಿ ಪಿ. ಬಾಳೂ ಎಂಬ ಹೆಸರೂ ಇದೆ. ಒಮ್ಮೆ ನೆಟ್ ಕಟ್ಟುತ್ತಿದ್ದ ಅದೇ ಪುಣೆಯಲ್ಲಿ.

ಅಲ್ಲಿಂದ ಮುಂದಿನ ದಾರಿ ಸುಖದ್ದಲ್ಲ. 1933ರಲ್ಲಿ ಹಿಂದೂ ಮಹಾಸಭೆಯ ಟಿಕೆಟ್ಟಿನ ಮೇಲೆ ಮುಂಬೈ ಮುನಿಸಿಪಾಲಿಟಿಗೆ ನಿಂತು ಸೋತರು. 1935ರಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದಾಗ ಬಾಳೂ ಅದನ್ನು ಒಪ್ಪಲಿಲ್ಲ. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನೇರವಾಗಿ ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್ 13,245 ಮತ, ಬಾಳೂ 11,225 ಮತ. 2,020 ಮತಗಳ ಅಂತರದಲ್ಲಿ ಬಾಳೂ ಸೋತರು.

ಈ ಭಾಗವನ್ನು ನಾನು ಎರಡು ಮೂರು ಸಲ ಓದಿದೆ. ತರಗತಿಯಲ್ಲಿ ಗೆಳತಿಯರ ಜೊತೆ ವಾದವೂ ಆಯಿತು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು, ನಾಯಕತ್ವ ಸಿಗದವರು, ಅಂಬೇಡ್ಕರ್ ಎದುರು ಏಕೆ ನಿಂತರು ಎಂದು ಒಬ್ಬಳು ಕೇಳಿದಳು. ಕಾಂಗ್ರೆಸ್ಸಿನವರಿಗೆ ಅವರ ಹೆಸರು ಬೇಕಾಗಿತ್ತು, ಹಿಂದೆ ಕ್ಲಬ್ಬಿನವರಿಗೆ ಅವರ ವಿಕೆಟ್ ಬೇಕಾದ ಹಾಗೆಯೇ ಎಂದು ಇನ್ನೊಬ್ಬಳ ಮಾತು. ಅದರಲ್ಲಿ ಸತ್ಯವಿದೆ. ಆದರೆ ನನಗೆ ಅನಿಸುವುದು ಇಷ್ಟು. ಬಾಳೂ ಅವರ ಕಣ್ಣಮುಂದೆ ನಡೆದ ಬದಲಾವಣೆ ಎಲ್ಲವೂ ಒಂದೇ ತಂಡದೊಳಗೆ ನಿಂತು, ಬಿಡದೆ ಆಡಿ, ಜಗಳಾಡಿ ಬಂದದ್ದು. ಅವರಿಗೆ ಸಿಗದ ನಾಯಕತ್ವ ಮೂರು ವರ್ಷದಲ್ಲಿ ತಮ್ಮನಿಗೆ ಸಿಕ್ಕಿತು. ಹಾಗೆ ಬದುಕಿದವರು ಬೇರೆ ತಂಡ ಬೇಡ, ಇದೇ ತಂಡದಲ್ಲಿ ಜಾಗ ಬೇಕು ಎನ್ನುವುದು ಸಹಜ. ಅಂಬೇಡ್ಕರ್ ಕಂಡದ್ದು ಬೇರೆ. ಚೆಂಡು ತಿರುಗಿಸಲು ಬಾರದ ಲಕ್ಷಾಂತರ ಜನಕ್ಕೆ ಆ ತಂಡದಲ್ಲಿ ಜಾಗ ಯಾರು ಕೊಡುತ್ತಾರೆ ಎಂಬುದು ಅವರ ಪ್ರಶ್ನೆ. ಮತ ಹಾಕುವ ಹಕ್ಕು ಇದ್ದಿದ್ದರೆ ನಾನು ಅಂಬೇಡ್ಕರ್ ಅವರಿಗೆ ಹಾಕುತ್ತಿದ್ದೆ. ಆದರೂ ಆ 11,225 ಮತಗಳನ್ನು ನೋಡಿ ನನಗೆ ಬಾಳೂ ಬಗ್ಗೆ ಗೌರವ ಕಡಿಮೆಯಾಗಲಿಲ್ಲ.

ಧರ್ಮದ ಹೆಸರಿನ ಆ ಕ್ರಿಕೆಟ್ ಸ್ಪರ್ಧೆ ಸರಿಯಲ್ಲ ಎಂದು 1940ರಲ್ಲಿ ಗಾಂಧೀಜಿ ಹೇಳಿದರು. 1946ರಲ್ಲಿ ಅದು ನಿಂತಿತು. ಬಾಳೂ ಅದನ್ನೂ ನೋಡಿದರು, ಸ್ವಾತಂತ್ರ್ಯವನ್ನೂ ನೋಡಿದರು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದನ್ನೂ ನೋಡಿದರು. ಅದರ ಕರಡು ಸಮಿತಿಯ ಅಧ್ಯಕ್ಷರು ಚುನಾವಣೆಯಲ್ಲಿ ಅವರನ್ನು ಸೋಲಿಸಿದ್ದ ಅಂಬೇಡ್ಕರ್. ಬಾಳೂ 1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು. ಸಾಂತಾಕ್ರೂಜ್‌ನಲ್ಲಿ ಅಂತ್ಯಕ್ರಿಯೆ ನಡೆಯಿತು, ಸಂಸತ್ತಿನ ಸದಸ್ಯರು, ದಲಿತ ನಾಯಕರು ಬಂದಿದ್ದರು. ಹುಟ್ಟಿದ ಊರಿನ ಜಾಗದಲ್ಲಿ ದಾಖಲೆಗಳು ಇಂದಿಗೂ ಧಾರವಾಡ ಎಂದೇ ಬರೆಯುತ್ತವೆ.